ಮಾತಾಡ್ತಾ ಓಡು

ಬೆಳಿಗ್ಗೆ 5.30. ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆ ಮೇಲೆ ಇನ್ನೂ ನಸುಗತ್ತಲು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ನಾನು ಸೈಕಲ್ ಮೇಲೆ, ನಮ್ಮ ಅಕ್ಕನ ಮಗಳು ಪಕ್ಕದಲ್ಲಿ ಓಡುತ್ತಾ ಬರುತ್ತಿದ್ದಾಳೆ. ಓಡುತ್ತಲೇ 17ರ ಮಗ್ಗಿ ಹೇಳುತ್ತಿದ್ದಾಳೆ. ಹದಿನೇಳೈದ್ಲಿ ಎಂಬತ್ತೈದು, ಹದಿನೇಳಾರ್ಲಿ ನೂರಾ ಎರಡು. ಅಲ್ಲಿಗೆ ಉಸಿರು ತುಂಡಾಯಿತು. "ನಿಧಾನ" ಅಂದೆ. ಅವಳು ವೇಗ ಇಳಿಸಿದಳು. ಮಗ್ಗಿ ಮುಂದುವರಿಯಿತು.

ಅವಳಿಗೆ 14 ವರ್ಷ. ಕುಸ್ತಿ ಅಂದರೆ ಪ್ರಾಣ. ಈ ನಿಧಾನದ ಓಟ ಮಾತ್ರ ಮೊದಮೊದಲು ಅವಳಿಗೆ ಬಿಲ್‌ಕುಲ್ ಹಿಡಿಸಿರಲಿಲ್ಲ.

"ಮಾಮಾ, ಇಷ್ಟು ನಿಧಾನ ಓಡಿದ್ರ ಎಮ್ಮಿ ಹೊಡ್ಕೊಂಡು ಹೋದಂಗ ಆಗ್ತೈತಿ. ಇದ್ರಾಗ ಏನ್ ದಮ್ಮು ಬರ್ತೈತಿ?" ಅಂತ ಕೇಳಿದ್ದಳು.

ಕೇಳಬೇಕಾದ ಪ್ರಶ್ನೆಯೇ. ಅವಳ ವಯಸ್ಸಿನಲ್ಲಿ ನನಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. 28 ವರ್ಷ ಆದಾಗಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಕುಸ್ತಿ ಸೋತೆ. ಆ ಸೋಲು ಇವತ್ತಿಗೂ ಮೈಯಲ್ಲಿ ಇದೆ.

ನಾನು ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಲುವೆ ನೀರು ನಿಂತ ಮೇಲೆ ಬೋರ್ ಮೋಟಾರ್ ಸುಡುವುದು ಜಾಸ್ತಿ, ಆಗ ಕೈಗೆ ಬಿಡುವು ಇರುವುದಿಲ್ಲ. ಉಳಿದ ದಿನ ಸಂಜೆ ಗರಡಿಗೆ ಹೋಗುತ್ತೇನೆ. 15ನೇ ವಯಸ್ಸಿಗೆ ಲಂಗೋಟಿ ಕಟ್ಟಿದವನು, 28ಕ್ಕೆ ಬಿಚ್ಚಿಟ್ಟೆ. ಈಗ 39. ಹುಡುಗರಿಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ.

ಅದು 2014. ಹೊರಗಿನ ಊರೊಂದರಲ್ಲಿ ಮ್ಯಾಟ್ ಕುಸ್ತಿ, 65 ಕೆಜಿ ವಿಭಾಗ. ಹಿಂದಿನ ವರ್ಷವಷ್ಟೇ ನಿಯಮ ಬದಲಾಗಿತ್ತು. 2 ನಿಮಿಷದ 3 ಸುತ್ತು ಹೋಗಿ, 3 ನಿಮಿಷದ 2 ಸುತ್ತು ಬಂದಿತ್ತು. ನಡುವೆ 30 ಸೆಕೆಂಡ್ ವಿರಾಮ. ಎರಡೂ ಸುತ್ತಿನ ಅಂಕ ಕೂಡಿಸಿ ಲೆಕ್ಕ. ಮೊದಲ ಸುತ್ತಿನಲ್ಲಿ ನಾನು ಅವನನ್ನು ಮೂರು ಸಲ ಕೆಡವಿದೆ. 6 ಅಂಕ. ಅವನು ಒಂದು ಸಲ ನನ್ನನ್ನು ಗೆರೆಯಾಚೆ ತಳ್ಳಿದ್ದ, 1 ಅಂಕ. ನಮ್ಮ ಹುಡುಗರು ಆಗಲೇ ಶಿಳ್ಳೆ ಹೊಡೆಯುತ್ತಿದ್ದರು.

ವಿರಾಮದಲ್ಲಿ ನಾನು ಮಂಡಿ ಮೇಲೆ ಕೈ ಊರಿ ಬಗ್ಗಿ ನಿಂತೆ. ಬಾಯಿ ತೆರೆದು ಉಸಿರು ಎಳೆಯುತ್ತಿದ್ದೆ. ಬೆವರು ಮೂಗಿನ ತುದಿಯಿಂದ ಮ್ಯಾಟಿನ ಮೇಲೆ ಬೀಳುವುದು ಕಾಣುತ್ತಿತ್ತು. ಒಬ್ಬ ಗೆಳೆಯ ಟವೆಲ್ ಬೀಸುತ್ತಿದ್ದ. ತಲೆ ಎತ್ತಿ ಎದುರಿನವನನ್ನು ನೋಡಿದೆ. ಅವನು ತನ್ನ ಮೂಲೆಯಲ್ಲಿ ನೆಟ್ಟಗೆ ನಿಂತು ಅಂಗೈ ಒರೆಸಿಕೊಳ್ಳುತ್ತಿದ್ದ. ಬಾಯಿ ಮುಚ್ಚಿತ್ತು. ಮೂಗಿನಲ್ಲೇ ಉಸಿರಾಡುತ್ತಿದ್ದ. ಆಗಲೇ ನನಗೆ ಒಳಗೊಳಗೇ ಹೆದರಿಕೆ ಆಯಿತು.

ಎರಡನೇ ಸುತ್ತಿನ ಅರ್ಧಕ್ಕೆ ನನ್ನ ಮುಂಗೈ ಕಲ್ಲಾಯಿತು. ಬೆರಳು ಮಡಚಿದರೆ ಮಡಚುತ್ತವೆ, ಆದರೆ ಹಿಡಿತ ಇಲ್ಲ. ಅವನ ಮಣಿಕಟ್ಟು ಕೈಯಲ್ಲಿದ್ದರೂ ಸೋಪು ಜಾರಿದ ಹಾಗೆ ಜಾರಿ ಹೋಗುತ್ತಿತ್ತು. ಅವನು ಕಾಲಿಗೆ ಬರುವುದು ಕಣ್ಣಿಗೆ ಕಾಣುತ್ತಿದೆ. ಏನು ಮಾಡಬೇಕು ಅಂತಲೂ ಗೊತ್ತು. ಕಾಲು ಹಿಂದೆ ಸರಿಯುತ್ತಿಲ್ಲ. 2, 2, ಮತ್ತೆ 2. ಕೊನೆಗೆ 7-6. ನನಗೆ ಬಾರದ ಪಟ್ಟು ಯಾವುದನ್ನೂ ಅವನು ಹಾಕಲಿಲ್ಲ. ಒಂದೇ ಪಟ್ಟನ್ನು ಮೂರು ಸಲ ಹಾಕಿದ.

ಮುಗಿದ ಮೇಲೆ ನಲ್ಲಿ ಹತ್ತಿರ ಸಿಕ್ಕ. "ಏನ್ ತಾಲೀಮು ಮಾಡ್ತೀಯಪ್ಪ ನೀನು?" ಅಂತ ಕೇಳಿದೆ.

"ತಾಲೀಮು ನಿಮ್ಮಷ್ಟು ಇಲ್ರಿ ಅಣ್ಣಾರ. ಪೊಲೀಸ್ ಭರ್ತಿಗೆ ಅಂತ ಒಂದ್ ವರ್ಷದಿಂದ ದಿನಾ ಮುಂಜಾನೆ ಓಡಾಕತ್ತೀನಿ. ಅಷ್ಟ" ಅಂದ.

ಅಷ್ಟೇ. ನಾನು ದಿನಕ್ಕೆ 500 ಬಸ್ಕಿ, 300 ದಂಡ ಹೊಡೆಯುತ್ತಿದ್ದೆ. ಅವನು ಪೊಲೀಸ್ ಕೆಲಸಕ್ಕೆ ಓಡಿದ್ದ. ಆ ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವಾಗ ಇದನ್ನೇ ಯೋಚಿಸುತ್ತಾ ಬಂದೆ.

ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಂಡ ತರಬೇತುದಾರರನ್ನೆಲ್ಲ ಕೇಳಿದೆ. ತಿಳಿದದ್ದನ್ನು ಹುಡುಗರಿಗೆ ನನ್ನ ಅಂಗಡಿಯ ಭಾಷೆಯಲ್ಲೇ ಹೇಳುತ್ತೇನೆ, ನಿಮಗೂ ಹಾಗೇ ಹೇಳುತ್ತೇನೆ.

ಮನೆ ಮೇಲೆ ಒಂದು ನೀರಿನ ಟ್ಯಾಂಕ್ ಇದೆ ಅಂದುಕೊಳ್ಳಿ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ಧೋ ಅಂತ ಬರುತ್ತದೆ. ಆದರೆ ಟ್ಯಾಂಕ್ ಚಿಕ್ಕದು, ಬೇಗ ಖಾಲಿ. ನಮ್ಮ ಸ್ನಾಯುವಿನಲ್ಲೂ ಅಂಥ ಟ್ಯಾಂಕ್ ಇದೆ. ಅದರ ಹೆಸರು ಕ್ರಿಯೇಟಿನ್ ಫಾಸ್ಫೇಟ್. ಮೈಯೆಲ್ಲ ಬಿಗಿದು ಶಕ್ತಿ ಹಾಕಿದರೆ ಸುಮಾರು 10 ಸೆಕೆಂಡಿಗೆ ಬಹುಪಾಲು ಬರಿದಾಗುತ್ತದೆ. ಕಾಲಿಗೆ ನುಗ್ಗುವುದು, ಎತ್ತಿ ಒಗೆಯುವುದು, ಕೆಳಗೆ ಬಿದ್ದವನು ತಲೆ, ಪಾದ ಊರಿ ಬೆನ್ನು ಎತ್ತಿ ಸೇತುವೆ ಹಾಕಿ ತಿರುಗುವುದು, ಎಲ್ಲ ಈ ಟ್ಯಾಂಕಿನ ನೀರಿನಲ್ಲೇ ನಡೆಯುವುದು. ಖಾಲಿ ಆದದ್ದು ಮತ್ತೆ ತುಂಬಬೇಕಲ್ವಾ? ತುಂಬುವ ಮೋಟಾರ್ ಯಾವುದು? ಉಸಿರು. ಅಂದರೆ ಉಸಿರಿನಿಂದ ಒಳಗೆ ಹೋದ ಆಮ್ಲಜನಕ, ಅದನ್ನು ಹೊತ್ತು ತರುವ ರಕ್ತ, ಆ ರಕ್ತ ತಳ್ಳುವ ಗುಂಡಿಗೆ. ಇದನ್ನೇ ಏರೋಬಿಕ್ ಶಕ್ತಿ ಅನ್ನುವುದು. ನಮ್ಮ ಕಡೆ ಅದಕ್ಕೆ ದಮ್ಮು ಅಂತ ಹೆಸರು.

30 ಸೆಕೆಂಡ್ ಸುಮ್ನೆ ನಿಂತರೆ ಟ್ಯಾಂಕ್ ಹೆಚ್ಚುಕಡಿಮೆ ಅರ್ಧ ತುಂಬುತ್ತದೆ. ಪೂರ್ತಿ ತುಂಬಲು 3 ನಿಮಿಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಕುಸ್ತಿಯಲ್ಲಿ 3 ನಿಮಿಷ ಸುಮ್ನೆ ನಿಲ್ಲಲು ಯಾರು ಬಿಡುತ್ತಾರೆ? ಸಿಗುವುದು ನಡುವಿನ ಆ 30 ಸೆಕೆಂಡ್, ಮತ್ತೆ ಕುತ್ತಿಗೆ ಹಿಡಿದು ಒಬ್ಬರನ್ನೊಬ್ಬರು ತಳ್ಳಾಡುವ ಹೊತ್ತು. ದೊಡ್ಡ ಮೋಟಾರ್ ಇದ್ದವನು ಆ ಸಣ್ಣ ಬಿಡುವಿನಲ್ಲೇ ತುಂಬಿಸಿಕೊಳ್ಳುತ್ತಾನೆ. ಚಿಕ್ಕ ಮೋಟಾರ್ ಇದ್ದವನು ಪ್ರತಿ ಸಲ ಅರ್ಧ ಟ್ಯಾಂಕಿನಲ್ಲೇ ಮುಂದಿನ ಪಟ್ಟಿಗೆ ಹೋಗುತ್ತಾನೆ.

ಟ್ಯಾಂಕ್ ತುಂಬದಿದ್ದಾಗ ದೇಹ ಸುಮ್ಮನೆ ಕೂರುವುದಿಲ್ಲ. ಕರೆಂಟ್ ಹೋದಾಗ ಜನರೇಟರ್ ಹಾಕಿದ ಹಾಗೆ, ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತದೆ. ಕೆಲಸ ನಡೆಯುತ್ತದೆ, ಆದರೆ ಹೊಗೆ ತುಂಬುತ್ತದೆ. ಸ್ನಾಯುವಿನಲ್ಲಿ ಆಮ್ಲ ಏರುತ್ತದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಸುಮ್ನೆ ಕೂತಾಗ ಲೀಟರ್ ರಕ್ತದಲ್ಲಿ 1 ಮಿಲಿಮೋಲ್ ಆಸುಪಾಸು ಇರುವ ಲ್ಯಾಕ್ಟೇಟ್, ಜೋರಾದ ಕುಸ್ತಿ ಮುಗಿಯುವಾಗ 15 ದಾಟುವುದುಂಟು. ಲ್ಯಾಕ್ಟೇಟ್ ವಿಷ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಗುಂಡಿಗೆ ಅದನ್ನೇ ಉರುವಲಾಗಿ ಬಳಸುತ್ತದೆ, ದಣಿಯದೆ ಕೆಲಸ ಮಾಡುವ ಸ್ನಾಯುಗಳೂ ಬಳಸುತ್ತವೆ. ಆದರೆ ಬಳಸಲು ಮತ್ತೆ ಆಮ್ಲಜನಕವೇ ಬೇಕು. ಎಲ್ಲಿ ಹೋದರೂ ಕೊನೆಗೆ ಬಂದು ನಿಲ್ಲುವುದು ಆ ಮೋಟಾರಿನ ಹತ್ತಿರವೇ.

ನಾನು 13 ವರ್ಷ ಟ್ಯಾಂಕ್ ದೊಡ್ಡದು ಮಾಡಿದ್ದೆ, ನಲ್ಲಿ ದಪ್ಪದ್ದು ಹಾಕಿದ್ದೆ. ಮೋಟಾರ್ ಮಾತ್ರ ಅದೇ ಅರ್ಧ ಎಚ್‌ಪಿ. ಮೊದಲ ಸುತ್ತಿನಲ್ಲಿ 6-1, ಎರಡನೆಯದರಲ್ಲಿ 0-6. ಸೋಲಿನ ಕಾರಣ ಪೂರ್ತಿ ಇದರಲ್ಲೇ ಇದೆ.

ಇದನ್ನೆಲ್ಲ ವಸ್ತಾದರ, ಅಂದರೆ ನಮ್ಮ ಗರಡಿಯ ಗುರುಗಳ ಮುಂದೆ ಹೇಳಲು ನನಗೆ ವರ್ಷಗಟ್ಟಲೆ ಧೈರ್ಯ ಬರಲಿಲ್ಲ. ಅವರಿಗೆ ಈಗ 76 ವರ್ಷ. ಇವತ್ತಿಗೂ ಗರಡಿಗೆ ಬಂದು ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಕೂರುತ್ತಾರೆ. ಒಂದು ದಿನ ಹುಡುಗರನ್ನು ಕಾಲುವೆ ಕಡೆ ಓಡಲು ಕಳಿಸಿದ್ದೆ. ಅವರು ಬಂದು ನೋಡಿದರೆ ಗರಡಿ ಖಾಲಿ.

"ಎಲ್ಲಿ ಹೋದ್ವು ಹುಡುಗ್ರು?"

"ಓಡಾಕ ಹೋಗ್ಯಾರ್ರಿ."

"ಓಡಾಕ? ನಮ್ಮ ಕಾಲಕ್ಕ ಯಾವ ಪೈಲ್ವಾನ ಓಡ್ತಿದ್ದ ತಮ್ಮಾ? ಓಡೋದು ಕುದುರಿ ಕೆಲಸ. ಪೈಲ್ವಾನ ನೆಲಾ ಹಿಡದು ನಿಂದರಬೇಕು."

ನಾನು ಎದುರು ಮಾತಾಡಲಿಲ್ಲ. ಆದರೆ ಅವರ ಮಾತು ತಲೆಯಲ್ಲಿ ಉಳಿಯಿತು. ಅವರು ಸುಳ್ಳು ಹೇಳುವವರಲ್ಲ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಗಂಟೆಗೆ ಸಮೀಪ ಹಿಡಿದವರು ಅವರು. ಒಬ್ಬ ಬೀಳುವ ತನಕ ನಡೆಯುವ ಕುಸ್ತಿ ಅದು, ಗಡಿಯಾರ ಇಲ್ಲ, ಅಂಕ ಇಲ್ಲ. ಓಡದೆ ಅಷ್ಟು ದಮ್ಮು ಅವರಿಗೆ ಎಲ್ಲಿಂದ ಬಂತು?

ಇನ್ನೊಂದು ದಿನ ಚಹಾ ಕುಡಿಯುತ್ತಾ ಕೇಳಿದೆ. "ವಸ್ತಾದ್ರ, 20ರ ವಯಸ್ಸಿನ್ಯಾಗ ನಿಮ್ಮ ದಿನ ಹೆಂಗ ಇರ್ತಿತ್ತು, ಮುಂಜಾನೆಯಿಂದ ಹೇಳ್ರಿ."

ಅವರು ಹೇಳುತ್ತಾ ಹೋದರು. ನಸುಕಿನಲ್ಲಿ ಎದ್ದು ಬಾವಿಯಿಂದ ನೀರು ಸೇದುವುದು, ಮನೆಗೂ ದನಕ್ಕೂ. ಹೊಲಕ್ಕೆ ನಡೆದು ಹೋಗುವುದು. ಎತ್ತು ಹೂಡಿ ಮಧ್ಯಾಹ್ನದ ತನಕ ನೇಗಿಲ ಹಿಂದೆ ನಡೆಯುವುದು. ಮತ್ತೆ ಮನೆಗೆ ನಡಿಗೆ. ಸಂಜೆ ಗರಡಿಯಲ್ಲಿ ಮೊದಲು ಸಲಿಕೆ ಹಿಡಿದು ಅರ್ಧ ಗಂಟೆ ಮಟ್ಟಿಯ, ಅಂದರೆ ಕುಸ್ತಿ ಆಡುವ ಕಣದ, ಕೆಮ್ಮಣ್ಣು ಅಗೆದು ಸಡಿಲ ಮಾಡುವುದು. ಆಮೇಲೆ ಸಾಮು, ಆಮೇಲೆ ಕುಸ್ತಿ. ಜಾತ್ರೆ ಕುಸ್ತಿಗೆ ಪಕ್ಕದ ಊರಿಗೂ ನಡೆದೇ ಹೋಗುವುದು.

ನಾನು ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕೈದು ಗಂಟೆ ಇವರ ಗುಂಡಿಗೆ ಹದವಾದ ವೇಗದಲ್ಲಿ ದುಡಿಯುತ್ತಿತ್ತು. ಬೀಳುವಷ್ಟು ಜೋರಲ್ಲ, ನಿದ್ದೆ ಬರುವಷ್ಟು ನಿಧಾನವೂ ಅಲ್ಲ. ನೇಗಿಲ ಹಿಂದೆ ಹೋಗುವವನು ಎತ್ತಿನ ಜೊತೆ ಮಾತಾಡುತ್ತಾ, ಹಾಡು ಹೇಳುತ್ತಾ ಹೋಗುತ್ತಾನೆ. ನಮ್ಮ ಅಕ್ಕನ ಮಗಳು 17ರ ಮಗ್ಗಿ ಹೇಳುತ್ತಾ ಓಡುವ ವೇಗವೂ ಅದೇ. ವಸ್ತಾದರಿಗೆ ಓಟ ಬೇಕಾಗಿರಲಿಲ್ಲ, ಯಾಕೆಂದರೆ ಅವರ ಬದುಕೇ ಮೋಟಾರ್ ಕಟ್ಟಿ ಕೊಟ್ಟಿತ್ತು. ಗರಡಿಯಲ್ಲಿ ಅದರ ಮೇಲೆ ಬಲ ಕೂಡಿಸಿದರೆ ಸಾಕಾಗಿತ್ತು.

ನಮ್ಮ ಹುಡುಗರು ಬೈಕಿನಲ್ಲಿ ಗರಡಿಗೆ ಬರುತ್ತಾರೆ. ಹೊಲದಲ್ಲಿ ಟ್ರ್ಯಾಕ್ಟರ್ ಇದೆ. ಬಾವಿ ನೀರು ಸೇದುವ ಕೆಲಸ ಮೋಟಾರಿಗೆ ಹೋಯಿತು. ಆ ಮೋಟಾರ್ ರಿಪೇರಿ ಮಾಡಿಯೇ ನನ್ನ ಮನೆ ನಡೆಯುತ್ತದೆ, ಅದನ್ನು ಬೇಡ ಅನ್ನಲು ಆಗುತ್ತದಾ? ಆದರೆ ಹೋದದ್ದನ್ನು ಬೇರೆ ದಾರಿಯಲ್ಲಿ ವಾಪಸ್ ತರಬೇಕು. ವಸ್ತಾದರ ಗರಡಿ ಪಾಠವನ್ನಷ್ಟೇ ನಾವು ಇಟ್ಟುಕೊಂಡೆವು. ಅದರ ಕೆಳಗಿದ್ದ ಬುನಾದಿ ಸದ್ದಿಲ್ಲದೆ ಹೋಯಿತು.

ಈ ಮಾತನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಬಿಡು, ನಡದಷ್ಟು ನಾವು ಕುಸ್ತಿನೂ ಆಡಿಲ್ಲ" ಅಂದರು. ಅವತ್ತಿನಿಂದ ಓಟಕ್ಕೆ ಅಡ್ಡಿ ಇಲ್ಲ.

ಹುಡುಗರಿಗೆ ಹೇಳುವ ಮೊದಲು ನನ್ನ ಮೈಮೇಲೇ ನೋಡಿದ್ದೆ. ಆಗ ನನಗೆ 33. ಹಾಸಿಗೆಯಿಂದ ಏಳುವ ಮೊದಲು ಕತ್ತಿನ ಪಕ್ಕ ಬೆರಳಿಟ್ಟು ನಾಡಿ ಎಣಿಸಿದೆ, ನಿಮಿಷಕ್ಕೆ 76. ವಾರಕ್ಕೆ ಮೂರು ದಿನ, 40 ನಿಮಿಷ, ಮಾತಾಡುವಷ್ಟು ವೇಗದಲ್ಲಿ ಓಟ. ಐದು ತಿಂಗಳಿಗೆ 60ಕ್ಕೆ ಇಳಿಯಿತು. ಅಂದರೆ ಗುಂಡಿಗೆ ಒಂದೊಂದು ಬಡಿತಕ್ಕೆ ಮೊದಲಿಗಿಂತ ಜಾಸ್ತಿ ರಕ್ತ ತಳ್ಳುತ್ತಿದೆ, ಹಾಗಾಗಿ ಕಡಿಮೆ ಬಡಿತ ಸಾಕಾಗುತ್ತಿದೆ. ಹದವಾದ ವೇಗದಲ್ಲಿ ತುಂಬಾ ಹೊತ್ತು ದುಡಿಸಿದರೆ ಗುಂಡಿಗೆಯ ಎಡಗಡೆಯ ಕೋಣೆ ಪ್ರತಿ ಬಡಿತಕ್ಕೂ ಚೆನ್ನಾಗಿ ತುಂಬುತ್ತದೆ, ತಿಂಗಳುಗಳು ಕಳೆದ ಹಾಗೆ ಹಿಗ್ಗುತ್ತದೆ. ಸ್ನಾಯುವಿನೊಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಇದ್ಯಾವುದೂ ಒಂದು ವಾರದಲ್ಲಿ ಆಗುವುದಿಲ್ಲ. ಸ್ಪರ್ಧೆಗೆ 15 ದಿನ ಇದೆ ಅಂದಾಗ ಓಡಲು ಶುರು ಮಾಡುವ ಹುಡುಗರಿಗೆ ನಾನು ಹೇಳುವುದು ಇದನ್ನೇ.

ಅತಿ ಕಷ್ಟದ್ದು ಯಾವುದು ಗೊತ್ತಾ? ನಿಧಾನ ಓಡಿಸುವುದು. ಪೈಲ್ವಾನ ಹುಡುಗರಿಗೆ ಓಟ ಅಂದ ಕೂಡಲೇ ಪಂದ್ಯ. ಹತ್ತು ನಿಮಿಷಕ್ಕೆ ನಾಲಿಗೆ ಹೊರಗೆ ಬರುತ್ತದೆ, ಕೂತುಬಿಡುತ್ತಾರೆ, ಅದನ್ನೇ ತಾಲೀಮು ಅಂದುಕೊಳ್ಳುತ್ತಾರೆ. ಅದಕ್ಕೇ ಮಗ್ಗಿ. ದೊಡ್ಡ ಹುಡುಗರಿಗೆ ನಾಡಿ ಎಣಿಸಲು ಕಲಿಸಿದ್ದೇನೆ. ನಿಂತ ಕೂಡಲೇ 10 ಸೆಕೆಂಡ್ ಎಣಿಸಿ, 22ರಿಂದ 25 ಬಂದರೆ ಸರಿ. ಅಂದರೆ ನಿಮಿಷಕ್ಕೆ 132ರಿಂದ 150. ಜಾಸ್ತಿ ಬಂದರೆ ನಡೆಯಿರಿ ಅನ್ನುತ್ತೇನೆ. ಓಟವೇ ಆಗಬೇಕು ಅಂತಲೂ ಇಲ್ಲ. ಮಂಡಿ ನೋವಿದ್ದವನು ಸೈಕಲ್ ತುಳಿಯುತ್ತಾನೆ. ಮಳೆ ಬಂದು ದಂಡೆ ಜಾರುವ ದಿನ ಸಲಿಕೆ ಕೊಟ್ಟು ಮಟ್ಟಿ ಅಗೆಯಲು ಹಚ್ಚುತ್ತೇನೆ, ವಸ್ತಾದರ ಕಾಲದ ಹಾಗೆ ಪೂರ್ತಿ ಅರ್ಧ ಗಂಟೆ.

ತಿಂಗಳಲ್ಲಿ ಒಂದು ಭಾನುವಾರ ಎಲ್ಲರೂ ಅಂಜನಾದ್ರಿಗೆ. ಕುಸ್ತಿ ಆಡುವವನಿಗೆ ಹನುಮಪ್ಪನ ಬೆಟ್ಟಕ್ಕಿಂತ ಒಳ್ಳೆಯ ಜಾಗ ಯಾವುದು? 575 ಮೆಟ್ಟಿಲು. ಬಿಸಿಲು ಏರುವ ಮೊದಲು ಹೋಗಬೇಕು, ಜನ ಕಡಿಮೆ ಇರುವಾಗ. ಹತ್ತುವಾಗ ಓಡುವ ಹಾಗಿಲ್ಲ, ಒಂದೇ ಹದದಲ್ಲಿ ನಿಲ್ಲದೆ ನಡಿಗೆ. ಇಳಿಯುವಾಗ ಅದಕ್ಕಿಂತ ನಿಧಾನ, ಮಂಡಿ ಉಳಿಯಬೇಕು. ಮೇಲೆ ನಿಂತರೆ ಕೆಳಗೆ ತುಂಗಭದ್ರೆ, ಆಚೆ ದಡದಲ್ಲಿ ಹಂಪಿ. ಅಲ್ಲಿನ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುಸ್ತಿ ಪಟುಗಳ ಕೆತ್ತನೆ ಇವೆ. ಹುಡುಗರಿಗೆ ನಾನು ಅಲ್ಲಿ ಕೂತು ಒಂದು ವಿಷಯ ಹೇಳುತ್ತೇನೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಮುಂಜಾನೆಯನ್ನು ಬರೆದಿಟ್ಟಿದ್ದಾನೆ. ರಾಯ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಎಣ್ಣೆ ಬೆವರಾಗಿ ಹೋಗುವ ತನಕ ಕತ್ತಿ ಬೀಸಿ, ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನಂತೆ. ಅಲ್ಲಿಗೂ ಮುಗಿಯಲಿಲ್ಲ. ಆಮೇಲೆ ಕುದುರೆ ಏರಿ ಬೆಳಕು ಹರಿಯುವ ತನಕ ಬಯಲಿನಲ್ಲಿ ಸವಾರಿ. ಕುಸ್ತಿ ಮುಗಿದ ಮೇಲೆ ಆತ ಕೂರುತ್ತಿರಲಿಲ್ಲ, ನೋಡಿ ಅನ್ನುತ್ತೇನೆ. ಹುಡುಗರು ಆಚೆ ದಡ ನೋಡುತ್ತಾ ಬಾಳೆಹಣ್ಣು ತಿನ್ನುತ್ತಾರೆ.

ಓಟವೇ ಎಲ್ಲ ಅಲ್ಲ, ಇದನ್ನೂ ಹೇಳಬೇಕು. ನಮ್ಮಲ್ಲಿ ಒಬ್ಬ ಹುಡುಗನಿಗೆ ಓಟದ ಹುಚ್ಚು ಹಿಡಿಯಿತು. ದಿನಾ 10 ಕಿಲೋಮೀಟರ್, ಕೆಲವು ದಿನ 14. ಮೂರು ತಿಂಗಳಿಗೆ ಸೊರಗಿದ. ಕೊನೆಯ ನಿಮಿಷದ ತನಕ ದಮ್ಮು ಇರುತ್ತಿತ್ತು, ಆದರೆ ಕಾಲಿಗೆ ನುಗ್ಗುವ ಆ ಮಿಂಚು ಇರಲಿಲ್ಲ. ಎದುರಾಳಿ ಬಾಗಿಲು ಹಾಕಿದ ಮೇಲೆ ಇವನು ಬಂದು ತಟ್ಟಿದ ಹಾಗೆ. ಅವನ ಓಟ ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಬಲದ ಕೆಲಸ ಹೆಚ್ಚು ಮಾಡಿಸಿದ ಮೇಲೆ ಸರಿಹೋದ. ವರ್ಷದ ಮೊದಲ ಭಾಗದಲ್ಲಿ ನಿಧಾನದ್ದು ಜಾಸ್ತಿ. ಸ್ಪರ್ಧೆಗೆ ಆರು ವಾರ ಇದೆ ಅಂದಾಗ ಅದು ಕಡಿಮೆ, ಜೋರಿನದು ಜಾಸ್ತಿ. 30 ಸೆಕೆಂಡ್ ಪೂರ್ತಿ ಶಕ್ತಿ, 30 ಸೆಕೆಂಡ್ ಸಡಿಲ. ಇಲ್ಲವೇ ಒಬ್ಬನನ್ನು ನಡುವೆ ನಿಲ್ಲಿಸಿ ಪ್ರತಿ ನಿಮಿಷಕ್ಕೆ ಹೊಸ ಜೋಡಿ ಬಿಡುವುದು. ದಣಿಯದೆ ಬರುವವರ ಎದುರು ದಣಿದವನು ಆರು ನಿಮಿಷ ನಿಲ್ಲಬೇಕು. ನಿಧಾನದ ಓಟದಿಂದ ಬುನಾದಿ ಹಾಕದವನು ಇದನ್ನು ವಾರಕ್ಕೆ ಎರಡು ಸಲ ತಡೆಯಲಾರ. ಮರುದಿನ ಜ್ವರ ಬಂದವನ ಹಾಗೆ ಮಲಗಿರುತ್ತಾನೆ.

ಇನ್ನೊಂದು ವಿಷಯ ನನಗೆ ಬಹಳ ಸಂಕಟದ್ದು. ತೂಕ ಇಳಿಸಲು ಓಡುವುದು. 22ನೇ ವಯಸ್ಸಿನಲ್ಲಿ ನಾನೇ ಏಪ್ರಿಲ್ ಬಿಸಿಲಿನಲ್ಲಿ ಮಳೆಕೋಟು ಹಾಕಿಕೊಂಡು ಓಡಿದ್ದೇನೆ. ಇಲ್ಲಿನ ಏಪ್ರಿಲ್ ನಿಮಗೆ ಗೊತ್ತಲ್ಲ, 40 ಡಿಗ್ರಿ. ಎರಡೂವರೆ ಕೆಜಿ ಇಳಿಯಿತು. ಅದು ಕೊಬ್ಬಲ್ಲ, ನೀರು. ರಕ್ತದೊಳಗಿನ ನೀರೂ ಹೋಯಿತು. ರಕ್ತ ಕಡಿಮೆ ಆದರೆ ಗುಂಡಿಗೆ ಪ್ರತಿ ಬಡಿತಕ್ಕೆ ಕಡಿಮೆ ತಳ್ಳುತ್ತದೆ, ಅದನ್ನು ಸರಿದೂಗಿಸಲು ಜೋರಾಗಿ ಬಡಿದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡ ಹಾಗೆ. ಅವತ್ತು ಕಣಕ್ಕೆ ಇಳಿದಾಗ ತೊಡೆ ನಡುಗುತ್ತಿತ್ತು. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಒಂದೇ ತಿಂಗಳಿನ ಆಸುಪಾಸಿನಲ್ಲಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟ್ ನಿಷೇಧ ಮಾಡಿದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಗರಡಿಯಲ್ಲಿ ಪ್ಲಾಸ್ಟಿಕ್ ಹಾಕಿಕೊಂಡು ಓಡುವವನಿಗೆ ಜಾಗ ಇಲ್ಲ. ಅಪ್ಪ ಅಮ್ಮನ ಮುಂದೆಯೇ ಹೇಳಿಬಿಟ್ಟಿದ್ದೇನೆ. ಬೇಸಿಗೆಯಲ್ಲಿ 6.30ರ ಒಳಗೆ ಓಟ ಮುಗಿಯಬೇಕು, ಕೈಯಲ್ಲಿ ನೀರಿನ ಬಾಟಲಿ ಇರಬೇಕು. ಸೆಕೆಯಲ್ಲಿ ಅದೇ ವೇಗಕ್ಕೆ ನಾಡಿ ಜಾಸ್ತಿ ಬರುತ್ತದೆ, ಅದಕ್ಕೆ ತಕ್ಕ ಹಾಗೆ ಇನ್ನೂ ನಿಧಾನ ಓಡಬೇಕು.

ನಮ್ಮ ಅಕ್ಕನ ಮಗಳಿಗೆ ಇದೆಲ್ಲ ಬಾಯಿಮಾತಿನಲ್ಲಿ ಹೇಳಿ ಸಾಕಾಗಿ, ಕೊನೆಗೆ ಒಂದು ದಿನ ಸಾಕ್ಷಿ ಮಲಿಕ್ ಅವರ ಕುಸ್ತಿಯ ವಿಡಿಯೋ ತೋರಿಸಿದೆ. 2016ರ ರಿಯೋ ಒಲಿಂಪಿಕ್ಸ್, 58 ಕೆಜಿ, ಕಂಚಿನ ಪದಕದ ಕುಸ್ತಿ. ಎದುರಿಗೆ ಕಿರ್ಗಿಸ್ತಾನದ ಐಸುಲು ತಿನಿಬೆಕೋವಾ. ಸಾಕ್ಷಿ 0-5 ಹಿಂದಿದ್ದರು. ಎರಡನೇ ಸುತ್ತಿನಲ್ಲಿ 5-5 ಮಾಡಿದರು. ಕೊನೆಯ ಸೆಕೆಂಡುಗಳಲ್ಲಿ ಮತ್ತೆ ನುಗ್ಗಿದರು. 8-5. ಭಾರತದ ಹೆಣ್ಣುಮಗಳೊಬ್ಬಳಿಗೆ ಒಲಿಂಪಿಕ್ಸ್ ಕುಸ್ತಿಯಲ್ಲಿ ಬಂದ ಮೊದಲ ಪದಕ ಅದು. ಮತ್ತೆ ಅದು ಅವರ ಆ ದಿನದ ಐದನೇ ಕುಸ್ತಿ. ಐದನೆಯದು! ನಾಲ್ಕು ಕುಸ್ತಿ ಹಿಡಿದ ಮೈ, ನಡುವೆ ಒಂದು ಸೋಲು ಬೇರೆ, ಆದರೂ ಕೊನೆಯ ಹತ್ತು ಸೆಕೆಂಡಿನಲ್ಲಿ ನುಗ್ಗಲು ಟ್ಯಾಂಕಿನಲ್ಲಿ ನೀರಿತ್ತು.

ಹುಡುಗಿ ಆ ಕೊನೆಯ ನಿಮಿಷವನ್ನು ಹಿಂದೆ ತಿರುಗಿಸಿ ತಿರುಗಿಸಿ ನೋಡಿದಳು. "ಐದನೇ ಕುಸ್ತಿ ಏನ್ ಮಾಮಾ ಇದು?" ಅಂತ ಎರಡು ಸಲ ಕೇಳಿದಳು. ಮರುದಿನ ನಾನು ಎಬ್ಬಿಸುವ ಮೊದಲೇ ಬೂಟು ಕಟ್ಟಿಕೊಂಡು ಕೂತಿದ್ದಳು.

ಮಣ್ಣಿನ ಗರಡಿಗೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ಇಳಿಸುವುದಿಲ್ಲ. ಅದು ನನಗೆ ಬೇಸರವೇ. ಅವಳು ಶಾಲೆಯೊಂದರ ಸಭಾಂಗಣದಲ್ಲಿ ಹಾಸಿದ ಹಳೆ ಮ್ಯಾಟ್ ಮೇಲೆ ಆಡುತ್ತಾಳೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನುವ ಕ್ರೀಡಾ ತರಬೇತಿ ಕೇಂದ್ರ ಶುರುವಾಯಿತು. ಅಲ್ಲಿ ಕುಸ್ತಿಯೂ ಇದೆ. ಅಲ್ಲಿಗೆ ಒಂದು ದಿನ ಹೋಗಬೇಕು ಅನ್ನುವುದು ಅವಳ ಆಸೆ. ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.

ಹೋದ ತಿಂಗಳು ಅವಳಿಗೊಂದು ಸ್ಪರ್ಧೆ ಇತ್ತು. ಅವಳ ವಯಸ್ಸಿನವರಿಗೆ 2 ನಿಮಿಷದ 2 ಸುತ್ತು, ನಡುವೆ ಅದೇ 30 ಸೆಕೆಂಡ್. ಎರಡನೇ ಕುಸ್ತಿ ಗಟ್ಟಿ ಹುಡುಗಿಯ ಜೊತೆ. ಮೊದಲ ಸುತ್ತು 2-4, ನಮ್ಮವಳು ಹಿಂದೆ. ಮೂಲೆಗೆ ಬಂದಳು. ನಾನು ಟವೆಲ್ ಹಿಡಿದು ನಿಂತಿದ್ದೆ. ಏನೋ ಹೇಳಬೇಕು ಅಂತ ಬಾಯಿ ತೆರೆದೆ. ನನಗಿಂತ ಮೊದಲು ಅವಳೇ ಶುರು ಮಾಡಿದಳು.

"ಮಾಮಾ, ಆಕಿ ಬರೋಕ್ಕಿಂತ ಮೊದ್ಲು ಎಡಗಾಲು ಮುಂದ ಇಡ್ತಾಳ. ಪ್ರತಿ ಸಲ. ನಾ ನೋಡೀನಿ. ಈ ಸಲ ಆ ಕಾಲಿಗೇ ಹೋಗ್ತೀನಿ."

ಪೂರ್ತಿ ವಾಕ್ಯ. ನಡುವೆ ಎಲ್ಲೂ ಉಸಿರು ತುಂಡಾಗಲಿಲ್ಲ. ಆ 30 ಸೆಕೆಂಡಿನಲ್ಲಿ 2014ರಲ್ಲಿ ನಾನು ನನ್ನ ಬೆವರಿನ ಹನಿ ಎಣಿಸುತ್ತಿದ್ದೆ. ಇವಳು ಎದುರಾಳಿಯ ಕಾಲು ನೋಡಿಟ್ಟುಕೊಂಡು ಬಂದಿದ್ದಳು. "ಹೋಗು" ಅಂದೆ. ಬೇರೆ ಏನೂ ಹೇಳಲಿಲ್ಲ. ಎರಡು ಸಲ ಆ ಎಡಗಾಲು ಹಿಡಿದಳು. 6-4.

ಮುಂದಿನ ಕುಸ್ತಿ ಸೋತಳು. ಆ ಹುಡುಗಿ ಕುತ್ತಿಗೆಗೆ ಕೈ ಹಾಕಿ ಎಳೆದು ಬೀಳಿಸುತ್ತಿದ್ದಳು. ಅದಕ್ಕೆ ತಿರುಗೇಟು ನಮ್ಮವಳಿಗೆ ಗೊತ್ತಿರಲಿಲ್ಲ. ದಮ್ಮು ಇತ್ತು, ವಿದ್ಯೆ ಸಾಲಲಿಲ್ಲ. ಊರಿಗೆ ಬಂದ ಮೇಲೆ ವಸ್ತಾದರಿಗೆ ಹೇಳಿದೆವು. ಅವರು ಗರಡಿಯ ಹೊರಗೆ ಬೇವಿನ ಮರದ ಕೆಳಗೆ ಎದ್ದು ನಿಂತು, ನನ್ನ ಕುತ್ತಿಗೆ ಹಿಡಿದು, ಮೊಣಕೈ ಎಲ್ಲಿ ಇರಬೇಕು, ಸೊಂಟ ಎತ್ತ ತಿರುಗಬೇಕು ಅಂತ ಅವಳಿಗೆ ತೋರಿಸಿದರು. "ನಾಳೆ ಸಂಜಿ ಬಾ ಅವ್ವಾ, ಇದೊಂದ ಕಲಿಸ್ತೀನಿ" ಅಂದರು.

"ಬರ್ತೀನಿ ಅಜ್ಜಾ. ಮುಂಜಾನೆ ಓಟ ಐತಿ, ಸಂಜಿಗೆ ಬರ್ತೀನಿ."